ಎರಡನೇ ಸಲ ಹೋಗುವಂತಿರಬೇಕು: ಕಾಲೇಜು ವಿದ್ಯಾರ್ಥಿಗೆ ಆಪ್ತಸಮಾಲೋಚನೆಯ ಐದು ಬಾಗಿಲುಗಳು

ಡಿಗ್ರಿಯೋ ಇಂಜಿನಿಯರಿಂಗೋ ಓದುವ ಹುಡುಗ ಹುಡುಗಿಯರಿಗೆ ಮನಸ್ಸಿನ ತೊಂದರೆ ಹೇಳಿಕೊಳ್ಳಲು ಕರ್ನಾಟಕದಲ್ಲಿ ಇವತ್ತು ಐದು ಬಾಗಿಲುಗಳಿವೆ: ಕಾಲೇಜಿನದೇ ಕೌನ್ಸೆಲಿಂಗ್ ಕೊಠಡಿ, 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ, ಯುವ ಸ್ಪಂದನ ಕೇಂದ್ರ, ಸರ್ಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ ಮತ್ತು ಹಣ ಕೊಟ್ಟು ನೋಡುವ ಖಾಸಗಿ ಸಮಾಲೋಚಕರು. ವಿದ್ಯಾರ್ಥಿಗಳ ಜತೆ ನಿಂತು ಇವೆಲ್ಲವನ್ನೂ ಬಳಸಿ ನೋಡಿದ ಮೇಲೆ ನಮಗೆ ಉಳಿದಿರುವ ಅಳತೆ ಒಂದೇ: ಎರಡನೇ ಸಲ ಹೋಗಲು ಆಗುತ್ತದೆಯೇ?

ಮೊದಲ ಸಲ ಎಲ್ಲ ಕಡೆಯೂ ಒಂದಿಷ್ಟು ಹಗುರಾಗುತ್ತದೆ, ಯಾರೋ ಕೂತು ಕೇಳಿದರು ಎಂಬ ಕಾರಣಕ್ಕೆ. ಆದರೆ ಮೊದಲ ಭೇಟಿ ಹೆಚ್ಚಾಗಿ ಹಿನ್ನೆಲೆ ಕೇಳುವುದರಲ್ಲೇ ಮುಗಿಯುತ್ತದೆ. ನಿದ್ದೆ, ಓದು, ಭಯ, ಮನೆಯ ಒತ್ತಡ ಇವುಗಳ ಮೇಲೆ ನಿಜವಾದ ಕೆಲಸ ಶುರುವಾಗುವುದು ಎರಡನೆಯದರಿಂದ. ಅರಿವು ಮತ್ತು ವರ್ತನೆ ಚಿಕಿತ್ಸೆ, ಅಂದರೆ ಸಿಬಿಟಿ, ಸಾಮಾನ್ಯವಾಗಿ 12ರಿಂದ 16 ಭೇಟಿ ಕೇಳುತ್ತದೆ. ಪರೀಕ್ಷಾ ಭಯದಂಥ ಒಂದೇ ವಿಷಯವಾದರೆ ಆರರಿಂದ ಎಂಟರಲ್ಲಿ ಮುಗಿದೀತು. ಆದ್ದರಿಂದ ಹೆಸರು ದೊಡ್ಡದೋ, ಎಸಿ ಕೊಠಡಿಯೋ ಎಂದು ನೋಡಬೇಡಿ. ಮುಂದಿನ ವಾರ ಅದೇ ವ್ಯಕ್ತಿ ಸಿಗುತ್ತಾರೆಯೇ, ಆ ಹೊತ್ತಿಗೆ ನಿಮಗೆ ಕ್ಲಾಸ್ ಇದೆಯೇ, ಬಸ್ಸಿಗೆ ಮತ್ತು ಫೀಸಿಗೆ ದುಡ್ಡಿದೆಯೇ, ಇವನ್ನು ನೋಡಿ.

ಹೊರಡುವ ಮುನ್ನ ಹತ್ತು ನಿಮಿಷ

ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಪ್ರಶ್ನಾವಳಿ ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಐದರಿಂದ ಒಂಬತ್ತರವರೆಗೆ ಸೌಮ್ಯ, 10ರಿಂದ 14 ಮಧ್ಯಮ, 15 ಅಥವಾ ಹೆಚ್ಚಾದರೆ ಗಂಭೀರದ ಕಡೆಗೆ. ಆತಂಕಕ್ಕೆ ಇದೇ ಥರದ ಜಿಎಡಿ-7 ಇದೆ, ಏಳು ಪ್ರಶ್ನೆಗೆ 21 ಅಂಕ. ಇವು ರೋಗ ಇದೆ ಎಂದು ತೀರ್ಪು ಕೊಡುವುದಿಲ್ಲ, ಎಲ್ಲಿಗೆ ಹೋಗಬೇಕೆಂದು ತೋರಿಸುತ್ತವೆ. ಹತ್ತರ ಒಳಗಿದ್ದರೆ ಕಾಲೇಜು ಕೊಠಡಿ, ಯುವ ಸ್ಪಂದನ ಸಾಕಾಗುತ್ತವೆ. 15 ಅಥವಾ ಹೆಚ್ಚಿದ್ದರೆ ಮಾತಿನ ಜತೆಗೆ ಮನೋವೈದ್ಯರನ್ನೂ ನೋಡಲೇಬೇಕು.

ಒಂಬತ್ತನೇ ಪ್ರಶ್ನೆ ಸತ್ತುಹೋದರೆ ಒಳ್ಳೆಯದು ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಅಂಕ ಬಂದರೂ ಒಟ್ಟು ಎಷ್ಟಾಯಿತು ಎಂದು ನೋಡುತ್ತ ಕೂರಬೇಡಿ, ಅವತ್ತೇ ಒಬ್ಬರ ಹತ್ತಿರ ಮಾತಾಡಿ. ಹೇಗೆ, ಯಾವಾಗ ಎಂಬ ಯೋಜನೆಯೇ ತಲೆಯಲ್ಲಿದ್ದರೆ ಈ ಹೋಲಿಕೆಯ ಅಗತ್ಯವೇ ಇಲ್ಲ. ಸ್ನೇಹಿತರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು 108 ಅಥವಾ 112ಕ್ಕೆ ಕರೆ ಮಾಡಿ, ಇಲ್ಲವೇ ಆಟೋ ಹಿಡಿದು ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಯಾರೂ ಇಲ್ಲದ ಕಡೆ ದನಿ ಕೇಳಿಸುವುದು, ಮೂರ್ನಾಲ್ಕು ರಾತ್ರಿ ನಿದ್ದೆಯೇ ಇಲ್ಲದೆ ವಿಪರೀತ ಉತ್ಸಾಹದಲ್ಲಿರುವುದು, ಎಲ್ಲರೂ ತನ್ನ ಹಿಂದೆ ಬಿದ್ದಿದ್ದಾರೆ ಎಂದು ಗಟ್ಟಿಯಾಗಿ ನಂಬುವುದು, ಇವಕ್ಕೂ ಆಸ್ಪತ್ರೆಯೇ. ಇಂಥ ಹೊತ್ತಿನಲ್ಲಿ ಬರೀ ಸಮಾಲೋಚನೆಯಲ್ಲಿ ವಾರ ಕಳೆದರೆ ತೊಂದರೆ ಬಲಿಯುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ತುಂಬ ಸಲ ಕೈಬಿಟ್ಟುಹೋಗುವಂಥದ್ದು: ರಕ್ತ ಪರೀಕ್ಷೆ. ಥೈರಾಯ್ಡ್‌ಗೆ ಟಿಎಸ್‌ಎಚ್, ಹಿಮೋಗ್ಲೋಬಿನ್, ವಿಟಮಿನ್ ಬಿ-12. ಸುಸ್ತು, ಮಂಕು, ಓದಿದ್ದು ತಲೆಗೆ ಹತ್ತದಿರುವುದು ರಕ್ತಹೀನತೆಯಿಂದಲೂ ಬರುತ್ತದೆ. ಹಾಸ್ಟೆಲ್ ಊಟದಲ್ಲಿ ದಿನ ದೂಡುವ ಹೆಣ್ಣುಮಕ್ಕಳಲ್ಲಿ ಇದನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು.

ಕಾಲೇಜಿನ ಕೊಠಡಿ

ಎರಡನೇ ಸಲ ಹೋಗಲು ಇದಕ್ಕಿಂತ ಸುಲಭದ ಜಾಗ ಇಲ್ಲ. ಕಾಸಿಲ್ಲ, ಬಸ್ಸಿಲ್ಲ, ಮನೆಯಲ್ಲಿ ಹೇಳಬೇಕಾಗಿಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಪ್ರಕಾರ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರು, ಮನೋವಿಜ್ಞಾನಿ ಅಥವಾ ಸಮಾಜಕಾರ್ಯಕರ್ತರು ಕನಿಷ್ಠ ಒಬ್ಬರಾದರೂ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜತೆ ಅಧಿಕೃತ ಏರ್ಪಾಡು ಮಾಡಿಕೊಂಡಿರಬೇಕು. ಟೆಲಿ ಮಾನಸ್ ಸೇರಿದಂತೆ ಸಹಾಯವಾಣಿಗಳ ಸಂಖ್ಯೆ ಹಾಸ್ಟೆಲ್, ತರಗತಿ, ವೆಬ್‌ಸೈಟಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣಬೇಕು. ನಿಮ್ಮ ಕಾಲೇಜಿನಲ್ಲಿ ಇದು ಇಲ್ಲದಿದ್ದರೆ ಈ ನಿರ್ದೇಶನವನ್ನೇ ಹೆಸರಿಸಿ ಪ್ರಿನ್ಸಿಪಾಲರಿಗೆ ಲಿಖಿತವಾಗಿ ಕೇಳಬಹುದು.

ಆದರೆ ಕೊಠಡಿ ಇದೆ ಎಂದ ಮಾತ್ರಕ್ಕೆ ಒಳಗೆ ಸಮಾಲೋಚನೆ ನಡೆಯುತ್ತದೆ ಎಂದಲ್ಲ. ಮೊದಲು ನೋಡಬೇಕಾದ್ದು ಕುರ್ಚಿಯಲ್ಲಿ ಯಾರಿದ್ದಾರೆ ಎಂಬುದು. ಪಾಠ ಮಾಡುವವರನ್ನೇ ಮೆಂಟರ್ ಎಂದು ಕರೆದು, ಅವರಿಗೇ ಕೌನ್ಸೆಲರ್ ಫಲಕವನ್ನೂ ಹಾಕಿದ ಕಡೆ ಇಡೀ ಏರ್ಪಾಡು ಕುಸಿಯುತ್ತದೆ. ಮೇಷ್ಟರು ಎಷ್ಟೇ ಒಳ್ಳೆಯವರಾಗಿರಲಿ, ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿರುವಾಗ ವಿದ್ಯಾರ್ಥಿ ಅರ್ಧ ಮಾತನ್ನು ನುಂಗಿಕೊಳ್ಳುತ್ತಾನೆ. ಮೆಂಟರ್ ಹತ್ತಿರ ಹಾಜರಾತಿ, ಬ್ಯಾಕ್‌ಲಾಗ್, ಫೀಸಿನ ಗಡುವು ಇವನ್ನು ಮಾತಾಡಿ. ಅವರು ಅಲ್ಲಿ ನಿಜಕ್ಕೂ ಸಹಾಯ ಮಾಡಬಲ್ಲರು. ಮನೆಯ ಜಗಳ, ಪ್ರೀತಿ, ಸಾಯುವ ಯೋಚನೆ, ಲೈಂಗಿಕತೆಯ ಗೊಂದಲ ಇವಕ್ಕೆ ಪಾಠ ಮಾಡದ ವ್ಯಕ್ತಿಯೇ ಬೇಕು.

ಎರಡನೆಯದು ರಿಜಿಸ್ಟರ್. ಬಾಗಿಲಲ್ಲೇ ಹೆಸರು, ಯುಎಸ್‌ಎನ್, ಬಂದ ಕಾರಣ ಬರೆಸಿಕೊಂಡು ತಿಂಗಳ ಕೊನೆಗೆ ಆ ಪುಸ್ತಕವನ್ನು ಎಚ್‌ಒಡಿ ಸಹಿಗೆ ಕಳಿಸುವ ಪದ್ಧತಿ ಇದ್ದಲ್ಲಿ ಗುಟ್ಟು ಉಳಿಯುವುದಿಲ್ಲ. ಕೂರುವ ಮೊದಲೇ ಕೇಳಿ: "ಮೇಡಂ, ನಾನು ಹೇಳಿದ್ದನ್ನು ಎಲ್ಲಿ ಬರೆದಿಡ್ತೀರಿ? ಅದನ್ನು ಯಾರು ಯಾರು ನೋಡ್ತಾರೆ? ಯಾವ ಸಂದರ್ಭದಲ್ಲಿ ಮನೆಗೆ ಫೋನ್ ಮಾಡ್ತೀರಿ?" ಬಲ್ಲ ಸಮಾಲೋಚಕರು ಈ ಪ್ರಶ್ನೆಯಿಂದ ಬೇಸರ ಪಡುವುದಿಲ್ಲ, ಎಷ್ಟೋ ಸಲ ಅವರೇ ಮೊದಲು ಹೇಳುತ್ತಾರೆ. ಉತ್ತರ ಹೀಗಿದ್ದರೆ ಸರಿ: ಸಂಖ್ಯೆ ಮಾತ್ರ ಆಡಳಿತಕ್ಕೆ ಹೋಗುತ್ತದೆ, ಟಿಪ್ಪಣಿ ಬೀಗದಲ್ಲಿರುತ್ತದೆ, ನಿನ್ನ ಅಥವಾ ಬೇರೆಯವರ ಜೀವಕ್ಕೆ ಅಪಾಯ ಕಂಡರೆ ಮಾತ್ರ ಹೇಳುತ್ತೇನೆ, ಅದನ್ನೂ ಸಾಧ್ಯವಾದರೆ ನಿನಗೆ ತಿಳಿಸಿಯೇ.

18 ತುಂಬದ ಪಿಯು ವಿದ್ಯಾರ್ಥಿಗಳಿಗೆ ಲೆಕ್ಕ ಬೇರೆ. ಚಿಕಿತ್ಸೆಯ ವಿಷಯ ಬಂದಾಗ ಪೋಷಕರ ಒಪ್ಪಿಗೆ ಬೇಕಾಗುತ್ತದೆ. ಇದನ್ನು ಮುಂಚೆಯೇ ತಿಳಿದಿದ್ದರೆ ಆಮೇಲೆ ಮೋಸ ಹೋದಂತೆ ಅನಿಸುವುದಿಲ್ಲ.

ಮೂರನೆಯದು ವೇಳೆ. ಕೊಠಡಿ ತೆರೆಯುವುದು 10ರಿಂದ 4ರವರೆಗೆ, ಕ್ಲಾಸ್ ಇರುವುದೂ ಆಗಲೇ. ಲ್ಯಾಬ್ ತಪ್ಪಿಸಿ ಬರಬೇಕಾದ ವಿದ್ಯಾರ್ಥಿ ಎರಡನೇ ವಾರಕ್ಕೇ ನಿಲ್ಲುತ್ತಾನೆ. ಊಟದ ಬಿಡುವಿನ ನಂತರದ 45 ನಿಮಿಷವನ್ನೋ, ವಾರದಲ್ಲಿ ಎರಡು ದಿನ ಸಂಜೆ 5ರ ನಂತರದ ಹೊತ್ತನ್ನೋ ಬಿಟ್ಟುಕೊಡಲು ಆಡಳಿತ ಒಪ್ಪಿದ ಕಡೆ ಬರುವವರ ಸಂಖ್ಯೆ ತಾನಾಗಿಯೇ ಏರುತ್ತದೆ. ಕೊಠಡಿ ಪ್ರಿನ್ಸಿಪಾಲರ ಚೇಂಬರಿನ ಪಕ್ಕದಲ್ಲಿದ್ದರೆ ಯಾರೂ ಬರುವುದಿಲ್ಲ. ಲೈಬ್ರರಿ ಮಹಡಿಯಲ್ಲಿದ್ದರೆ ಬರುತ್ತಾರೆ. ಕೆಲವು ಕಡೆ ಸಮಾಲೋಚನೆ ಮಾಡುವವರು ಎಂ.ಎಸ್ಸಿ. ಅಥವಾ ಎಂ.ಎಸ್.ಡಬ್ಲ್ಯು. ಓದುತ್ತಿರುವ ಟ್ರೈನಿಗಳು. ಅವರು ಗಮನವಿಟ್ಟು ಕೇಳುತ್ತಾರೆ, ಆದರೆ ಸೆಮಿಸ್ಟರ್ ಮುಗಿದಾಗ ಹೋಗಿಬಿಡುತ್ತಾರೆ. "ನೀವು ಎಲ್ಲಿವರೆಗೆ ಇರ್ತೀರಿ?" ಎಂದು ಮೊದಲ ದಿನವೇ ಕೇಳಿ.

ತೊಂದರೆಯ ಮೂಲ ಕಾಲೇಜೇ ಆಗಿದ್ದರೆ, ಅಂದರೆ ರ‍್ಯಾಗಿಂಗ್, ಜಾತಿ ನಿಂದನೆ, ಸಿಬ್ಬಂದಿಯ ಕಿರುಕುಳ ಇದ್ದರೆ, ಈ ಕೊಠಡಿಯೊಂದನ್ನೇ ನಂಬಿ ಕೂರಬೇಡಿ. ಸಮಾಲೋಚಕರಿಗೆ ಸಂಬಳ ಕೊಡುವುದು ಅದೇ ಆಡಳಿತ. ದೂರನ್ನು ದೂರಾಗಿಯೇ ಕೊಡಿ: ರ‍್ಯಾಗಿಂಗ್‌ಗೆ ರಾಷ್ಟ್ರೀಯ ಸಹಾಯವಾಣಿ 1800-180-5522, ಲೈಂಗಿಕ ಕಿರುಕುಳಕ್ಕೆ ಆಂತರಿಕ ಸಮಿತಿ. ಮನಸ್ಸಿನ ಆರೈಕೆಯನ್ನು ಹೊರಗೆ ಪಡೆಯಿರಿ. ಅನ್ಯಾಯಕ್ಕೆ ಒಳಗಾದವರಿಗೆ "ನೀನೇ ಗಟ್ಟಿಯಾಗು" ಎಂದು ಹೇಳಿ ಕಳಿಸುವುದನ್ನು ನಾವು ಸಮಾಲೋಚನೆ ಎಂದು ಒಪ್ಪುವುದಿಲ್ಲ.

14416

ಟೆಲಿ ಮಾನಸ್ ಶುರುವಾದದ್ದು 2022ರ ಅಕ್ಟೋಬರ್ 10ರಂದು, ಬೆಂಗಳೂರಿನಿಂದಲೇ. ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ, ತಾಂತ್ರಿಕ ಬೆನ್ನೆಲುಬು ಬೆಂಗಳೂರಿನ ಐಐಐಟಿಯದು. ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ. 14416 ಒತ್ತಿದಾಗ ಭಾಷೆ ಆರಿಸಿಕೊಳ್ಳಲು ಧ್ವನಿ ಸೂಚನೆ ಬರುತ್ತದೆ. ಅಲ್ಲಿ ಫೋನ್ ಇಟ್ಟುಬಿಡಬೇಡಿ, ಕನ್ನಡ ಆರಿಸಿ ಕಾಯಿರಿ. ಮೊದಲ ಹಂತದಲ್ಲಿ ತರಬೇತಾದ ಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಕಂಡರೆ ಎರಡನೇ ಹಂತದ ತಜ್ಞರಿಗೆ ದಾಟಿಸುತ್ತಾರೆ. ಹೆಸರು, ವಯಸ್ಸು, ಊರು ಕೇಳಬಹುದು. ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಹಾಗೆಂದೇ ಹೇಳಿ.

ಇದರ ಬೆಲೆ ಗೊತ್ತಾಗುವುದು ರಾತ್ರಿ ಒಂದು ಗಂಟೆಗೆ. ಆಸ್ಪತ್ರೆಯ ತುರ್ತು ವಿಭಾಗ ಬಿಟ್ಟರೆ ಬೇರೆ ನಾಲ್ಕೂ ಬಾಗಿಲು ಮುಚ್ಚಿರುವ ಹೊತ್ತಿನಲ್ಲಿ ಇದೊಂದು ತೆರೆದಿರುತ್ತದೆ. ಎದೆ ಡವಗುಟ್ಟಿ ಉಸಿರು ಕಟ್ಟಿದಂತಾದಾಗ, ರಿಸಲ್ಟ್ ಬಂದ ರಾತ್ರಿ, ರೂಮಿನಲ್ಲಿ ಸ್ನೇಹಿತ ಅಳುತ್ತಿರುವಾಗ ಏನು ಮಾಡಬೇಕೆಂದು ತಿಳಿಯದಿದ್ದಾಗ ಇದನ್ನೇ ಒತ್ತಿ. ಸ್ನೇಹಿತನ ಪರವಾಗಿಯೂ ಕರೆ ಮಾಡಬಹುದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಮಿತಿಯೂ ಸ್ಪಷ್ಟವೇ ಇದೆ: ಮುಂದಿನ ಸಲ ಕರೆ ಎತ್ತುವವರು ಬೇರೆಯವರಾಗಿರಬಹುದು, ಕತೆಯನ್ನು ಮೊದಲಿಂದ ಹೇಳಬೇಕಾಗಬಹುದು. ಆದ್ದರಿಂದ ಕರೆ ಮುಗಿಸುವ ಮುನ್ನ, "ನಮ್ಮ ಜಿಲ್ಲೆಯಲ್ಲಿ ಮುಖಾಮುಖಿ ಯಾರನ್ನು ನೋಡಲಿ, ಯಾವ ದಿನ ಹೋಗಲಿ?" ಎಂದು ಕೇಳಿ ಬರೆದುಕೊಳ್ಳಿ. ಕತ್ತಲು ದಾಟಿಸಲು ಸಹಾಯವಾಣಿ, ತಿಂಗಳುಗಟ್ಟಲೆ ನಡೆಯಲು ಒಬ್ಬ ಗೊತ್ತಿರುವ ವ್ಯಕ್ತಿ ಎಂದು ನಾವು ಹೇಳುತ್ತೇವೆ.

ಯುವ ಸ್ಪಂದನ

ಐದರಲ್ಲಿ ಎಲ್ಲರಿಗಿಂತ ಕಡಿಮೆ ಸುದ್ದಿಯಲ್ಲಿರುವುದು ಇದು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜತೆಗೂಡಿ ನಡೆಸುವ ಕಾರ್ಯಕ್ರಮ, ಕೇಂದ್ರ ಇರುವುದು ಜಿಲ್ಲಾ ಕ್ರೀಡಾಂಗಣದಲ್ಲಿ. ಓದು, ಗುರಿ, ಸಂಬಂಧ, ಕುಡಿತ, ಮೊಬೈಲ್ ಗೀಳು ಇಂಥ ವಿಷಯಗಳಿಗೆ ಉಚಿತ ಮಾರ್ಗದರ್ಶನ. ಇದರ ಗುಣ ಜಾಗದಲ್ಲೇ ಇದೆ: ಸ್ಟೇಡಿಯಂಗೆ ಹೋಗುವ ಹುಡುಗನನ್ನು ಯಾರೂ ಏನೂ ಕೇಳುವುದಿಲ್ಲ. ಚಿಕ್ಕ ಊರಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಚಿಕ್ಕಪ್ಪನ ಸ್ನೇಹಿತರು ಸಿಕ್ಕಿಬಿಡುವ ಕಡೆ, ಇದು ಸಣ್ಣ ಮಾತಲ್ಲ. ಗಂಭೀರ ಖಿನ್ನತೆಗೆ ಇದು ಸಾಲದು, ಅವರೇ ಮುಂದಕ್ಕೆ ಕಳಿಸುತ್ತಾರೆ. ಹೋಗುವ ಮುನ್ನ ಫೋನ್ ಮಾಡಿ ಸಿಬ್ಬಂದಿ ಇರುವ ದಿನ ಖಚಿತ ಮಾಡಿಕೊಳ್ಳಿ, ಶಿಬಿರಕ್ಕೆಂದು ಹೊರಗೆ ಹೋಗಿರುವುದೂ ಉಂಟು.

ಸರ್ಕಾರಿ ಆಸ್ಪತ್ರೆ

ಇಲ್ಲಿ ಮೊದಲ ಭೇಟಿ ಕಷ್ಟ, ಎರಡನೆಯದು ಸುಲಭ. ಖಾಸಗಿಯಲ್ಲಿ ಇದು ಸರಿಯಾಗಿ ತಿರುಗುಮುರುಗು. ಜಿಲ್ಲಾ ಆಸ್ಪತ್ರೆ, ಸರ್ಕಾರಿ ವೈದ್ಯಕೀಯ ಕಾಲೇಜು, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಲ್ಲೆಡೆಯೂ ಮನೋವೈದ್ಯಕೀಯ ಹೊರರೋಗಿ ವಿಭಾಗ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಈ ಜಿಲ್ಲಾ ವ್ಯವಸ್ಥೆಯ ಬೇರು ನಮ್ಮ ಬಳ್ಳಾರಿಯಲ್ಲೇ ಇದೆ: 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಮೊದಲ ದಿನಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಆಧಾರ್, ಬಿಪಿಎಲ್ ಕಾರ್ಡಿದ್ದರೆ ಅದು, ಹಳೆಯ ರಿಪೋರ್ಟ್, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಪಿಎಚ್‌ಕ್ಯೂ ಅಂಕ ಬರೆದ ಹಾಳೆ ಜತೆಗಿರಲಿ. ದೊಡ್ಡ ಆಸ್ಪತ್ರೆಗಳಲ್ಲಿ ಮೊದಲು ಕಿರಿಯ ವೈದ್ಯರು ದೀರ್ಘವಾಗಿ ಹಿನ್ನೆಲೆ ಕೇಳಿ ಬರೆದುಕೊಳ್ಳುತ್ತಾರೆ, ಆಮೇಲೆ ಹಿರಿಯರು ನೋಡುತ್ತಾರೆ. ಅದೇ ಕತೆಯನ್ನು ಎರಡು ಸಲ ಹೇಳಬೇಕಾದಾಗ ಕೆಲವರಿಗೆ ಸಿಟ್ಟು ಬಂದು ಎದ್ದುಬರುತ್ತಾರೆ. ಅದು ಅಲ್ಲಿನ ಕಲಿಕೆಯ ಪದ್ಧತಿ ಎಂದು ಮೊದಲೇ ಗೊತ್ತಿದ್ದರೆ ಕೂರುವ ತಾಳ್ಮೆ ಬರುತ್ತದೆ. ಒಬ್ಬ ಸ್ನೇಹಿತ ಜತೆಗಿದ್ದರೆ ಅರ್ಧ ಭಾರ ಇಳಿದಂತೆ.

ಮುಂದಿನ ಭೇಟಿಗಳಲ್ಲಿ ಡಾಕ್ಟರ್ ಜತೆ ಸಿಗುವುದು ಐದು ಹತ್ತು ನಿಮಿಷ. ಅದು ಮಾತ್ರೆ ಸರಿಹೊಂದಿಸಲು ಸಾಕು, ಮಾತಿಗೆ ಸಾಲದು. ಇಲ್ಲಿಯೇ ಬಹಳ ಮಂದಿ "ಬರೀ ಮಾತ್ರೆ ಕೊಟ್ಟು ಕಳಿಸಿದರು" ಎಂದು ಬಿಟ್ಟುಬಿಡುವುದು. ಮಾತುಚಿಕಿತ್ಸೆ ಕೊಡುವವರು ಬೇರೆಯೇ ಇರುತ್ತಾರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. "ಸರ್, ನನಗೆ ಸೈಕಾಲಜಿಗೆ ರೆಫರ್ ಮಾಡಿ" ಎಂದು ಬಾಯಿಬಿಟ್ಟು ಕೇಳಬೇಕು. ಸರದಿ ಇರುತ್ತದೆ, ಅವತ್ತೇ ಹೆಸರು ಬರೆಸಿ ಬನ್ನಿ. ಬೆಂಗಳೂರಿನವರಿಗೆ ಇನ್ನೊಂದು ಅನುಕೂಲ ಇದೆ: ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್‌ಬೀಯಿಂಗ್. ಹೊಸೂರು ರಸ್ತೆಯ ಆಸ್ಪತ್ರೆ ಎಂದರೆ ಹಿಂಜರಿಯುವವರು ಅಲ್ಲಿಗೆ ಹೆಚ್ಚು ನಿರಾಳವಾಗಿ ಹೋಗುತ್ತಾರೆ.

ಖಿನ್ನತೆ, ಆತಂಕಕ್ಕೆ ಸಾಮಾನ್ಯವಾಗಿ ಬರೆಯುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳ ಪರಿಣಾಮ ಕಾಣಲು ಎರಡರಿಂದ ಆರು ವಾರ ಬೇಕು. ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆ ಏರುಪೇರು ಮಾತ್ರ ಮೊದಲ ವಾರವೇ ಬರುತ್ತವೆ. ತೊಂದರೆ ಮುಂಚೆ, ಲಾಭ ಆಮೇಲೆ ಎಂದು ಯಾರೂ ಹೇಳದಿದ್ದರೆ ವಿದ್ಯಾರ್ಥಿ ಹತ್ತನೇ ದಿನಕ್ಕೆ ಮಾತ್ರೆ ಎಸೆಯುತ್ತಾನೆ. 25ರ ಒಳಗಿನವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ ಅಥವಾ ಸಾಯುವ ಯೋಚನೆ ಹೆಚ್ಚಾದರೆ ಮುಂದಿನ ತಾರೀಖಿಗೆ ಕಾಯದೆ ಆಸ್ಪತ್ರೆಗೆ ವಾಪಸ್ ಹೋಗಬೇಕು. ಹಗುರಾಯಿತೆಂದು ತಾವಾಗಿಯೇ ನಿಲ್ಲಿಸಬಾರದು, ಸುಧಾರಿಸಿದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಿಧಾನವಾಗಿ ಇಳಿಸುವುದು ರೂಢಿ. ಸರ್ಕಾರಿ ಬಾಗಿಲಿನ ದೊಡ್ಡ ಬಲ ಇಲ್ಲಿದೆ. ಸಾಮಾನ್ಯ ಮಾತ್ರೆಗಳು ಅಲ್ಲೇ ಉಚಿತವಾಗಿ ಸಿಗುವುದರಿಂದ ಆರು ತಿಂಗಳು ಎಳೆಯಲು ದುಡ್ಡಿನ ಚಿಂತೆ ಅಡ್ಡ ಬರುವುದಿಲ್ಲ.

ಹಾಜರಾತಿ ಕೊರತೆಗೋ, ತಪ್ಪಿದ ಇಂಟರ್ನಲ್ಸ್‌ಗೋ ಕಾಲೇಜು ಸಾಮಾನ್ಯವಾಗಿ ಒಪ್ಪುವುದು ನೋಂದಾಯಿತ ವೈದ್ಯರ ಪತ್ರವನ್ನು. ಸಮಾಲೋಚಕರ ಪತ್ರ ಹಲವೆಡೆ ನಡೆಯುವುದಿಲ್ಲ. ಸೆಮಿಸ್ಟರ್ ಕೊನೆಗೆ ಓಡಾಡುವ ಬದಲು ಮೊದಲ ಭೇಟಿಯ ಚೀಟಿಯಿಂದಲೇ ಎಲ್ಲ ಕಾಗದ ಜೋಡಿಸಿಡಿ. ಮುಂದೆ ಕೆಲಸ ಸಿಗುವಾಗ ಈ ದಾಖಲೆ ಅಡ್ಡ ಬರುತ್ತದೆ ಎಂಬ ಭಯ ಬಹಳ ಕೇಳುತ್ತೇವೆ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ನಿಮ್ಮ ಕಾಯಿಲೆ, ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡುವ ಹಕ್ಕು ಕೊಡುತ್ತದೆ. ಕಾಲೇಜಾಗಲಿ ಕಂಪನಿಯಾಗಲಿ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರೆ ಕೊಡುವಂತಿಲ್ಲ.

ಖಾಸಗಿ, ಎದುರಿಗೋ ಆನ್‌ಲೈನೋ

ಅನುಕೂಲದಲ್ಲಿ ಇದು ಮೊದಲು, ಖರ್ಚಿನಲ್ಲೂ ಮೊದಲು. ಒಂದು ಭೇಟಿ 45ರಿಂದ 50 ನಿಮಿಷ, ಸಂಜೆಯೂ ಸಿಗುತ್ತದೆ, ಅದೇ ವ್ಯಕ್ತಿ ಪ್ರತಿ ವಾರ. ಬೆಂಗಳೂರಿನಲ್ಲಿ ಸಾವಿರ ರೂಪಾಯಿಯಿಂದ ಎರಡೂವರೆ ಸಾವಿರದವರೆಗೆ ಕೇಳುವುದು ಸಾಮಾನ್ಯ. 1,200 ರೂಪಾಯಿ ಎಂದು ಹಿಡಿದರೂ ಎಂಟು ಭೇಟಿಗೆ 9,600, ಹದಿನಾರಕ್ಕೆ 19,200. ಮೂರನೇ ಭೇಟಿಗೆ ದುಡ್ಡು ಮುಗಿದು ನಿಲ್ಲಿಸುವುದೇ ಇಲ್ಲಿ ಹೆಚ್ಚಾಗಿ ಆಗುವ ತೊಂದರೆ. ಗಾಯ ಬಿಚ್ಚಿ ನೋಡಿದ್ದು ಆಯಿತು, ಕಟ್ಟು ಹಾಕಿದ್ದು ಆಗಲಿಲ್ಲ ಎನ್ನುವ ಸ್ಥಿತಿ. ಆದ್ದರಿಂದ ಆರು ಭೇಟಿಯ ದುಡ್ಡು ಕೈಯಲ್ಲಿದ್ದರೆ ಮಾತ್ರ ಶುರು ಮಾಡಿ. "ವಿದ್ಯಾರ್ಥಿಗೆ ಕಡಿಮೆ ಫೀಸ್ ಇದೆಯಾ?" ಎಂದು ನಾಚದೆ ಕೇಳಿ, ಹಲವರು ಒಂದಷ್ಟು ಜಾಗ ಅದಕ್ಕೆಂದೇ ಇಟ್ಟಿರುತ್ತಾರೆ. ವಾರಕ್ಕೊಮ್ಮೆ ಆಗದಿದ್ದರೆ ಮೊದಲ ನಾಲ್ಕನ್ನು ವಾರವಾರ ಮಾಡಿ, ಆಮೇಲೆ ಹದಿನೈದು ದಿನಕ್ಕೊಂದು ಮಾಡಿಕೊಳ್ಳಬಹುದು.

ಯಾರ ಹತ್ತಿರ ಹೋಗುತ್ತಿದ್ದೀರಿ ಎಂಬುದನ್ನು ನೀವೇ ಪರೀಕ್ಷಿಸಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿರಬೇಕು, ಅವರ ಸಿಆರ್‌ಆರ್ ನೋಂದಣಿ ಸಂಖ್ಯೆಯನ್ನು ಮಂಡಳಿಯ ಜಾಲತಾಣದಲ್ಲಿ ಹಾಕಿ ನೋಡಬಹುದು. ಬರೀ ಕೌನ್ಸೆಲರ್, ಥೆರಪಿಸ್ಟ್, ಲೈಫ್ ಕೋಚ್ ಎಂಬ ಫಲಕದಿಂದ ಏನೂ ತಿಳಿಯದು. ಎರಡು ವರ್ಷದ ಎಂ.ಎಸ್ಸಿ. ಮಾಡಿದವರೂ ಆ ಹೆಸರಿನಲ್ಲಿದ್ದಾರೆ, ಆರು ವಾರದ ಸರ್ಟಿಫಿಕೇಟ್ ಹಿಡಿದವರೂ ಇದ್ದಾರೆ. ಏನು ಓದಿದ್ದೀರಿ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ್ದೀರಿ, ನನ್ನಂಥ ತೊಂದರೆಗೆ ಯಾವ ಪದ್ಧತಿ ಬಳಸುತ್ತೀರಿ, ಈ ಮೂರಕ್ಕೆ ನೇರ ಉತ್ತರ ಬರದಿದ್ದರೆ ಮುಂದೆ ಹೋಗಿ. ಮೊದಲ ದಿನವೇ 20 ಭೇಟಿಯ ಪ್ಯಾಕೇಜ್ ಮಾರುವವರು, ಜಾತಕ ನೋಡಿ ಹೇಳುವವರು, ವೈದ್ಯರಲ್ಲದೆ ಮಾತ್ರೆ ಹೇಳುವವರು, ಮಾತ್ರೆ ನಿಲ್ಲಿಸು ಎನ್ನುವವರು ಇವರಿಂದ ದೂರ ಇರಿ. ಕನ್ನಡದಲ್ಲಿ ಮಾತಾಡುವವರೇ ಬೇಕೆಂದು ಬುಕ್ ಮಾಡುವಾಗಲೇ ಹೇಳಿ. ಇಂಗ್ಲಿಷ್ ಪದ ಹುಡುಕುವುದರಲ್ಲಿ 50 ನಿಮಿಷದ ಅರ್ಧ ಕಳೆದರೆ ಕೊಟ್ಟ ದುಡ್ಡಿನ ಅರ್ಧವೂ ಹೋಯಿತು.

ಆನ್‌ಲೈನ್ ಬಗ್ಗೆ ನಮ್ಮ ಅಭಿಪ್ರಾಯ: ಪಿಜಿಯಲ್ಲಿ ಮೂವರು ಒಂದೇ ಕೋಣೆಯಲ್ಲಿರುವಾಗ ಅದು ನಡೆಯುವುದಿಲ್ಲ. ರೂಮ್‌ಮೇಟ್ ಕೇಳಿಸಿಕೊಳ್ಳುತ್ತಾರೆಂದು ಪಿಸುಗುಟ್ಟುವವರು ಅಳಲಾರರು, ಬೈಯಲಾರರು, ನಿಜ ಹೇಳಲಾರರು. ಟೆರೇಸ್, ನಿಲ್ಲಿಸಿದ ಕಾರು, ಕಾಲೇಜಿನ ಖಾಲಿ ಕ್ಲಾಸ್‌ರೂಮ್ ಇಂಥ ಒಂದು ಜಾಗ ಖಚಿತವಾದ ಮೇಲೆಯೇ ಬುಕ್ ಮಾಡಿ. ವಿಡಿಯೊ ತುಂಡಾದರೆ ಫೋನಿಗೆ ಬರುವ ಏರ್ಪಾಡು ಮೊದಲೇ ಇರಲಿ. ಇಯರ್‌ಫೋನ್ ಇದ್ದರೆ ಅವರ ಮಾತು ಹೊರಗೆ ಕೇಳದು, ನಿಮ್ಮ ಮಾತು ಕೇಳುತ್ತದೆ. ಫೀಸ್ ಕಟ್ಟಿದ್ದು ಅಪ್ಪನ ಫೋನಿಗೆ ಬ್ಯಾಂಕ್ ಮೆಸೇಜಾಗಿ ಹೋಗುವ ಖಾತೆಯಾದರೆ, ಕ್ಲಿನಿಕ್ ಹೆಸರು ಅಲ್ಲಿ ಕಾಣುತ್ತದೆ ಎಂಬುದು ನೆನಪಿರಲಿ. ಅಪಾಯದ ಯೋಚನೆ ಇರುವವರಿಗೆ ಆನ್‌ಲೈನ್ ಒಂದೇ ಸಾಲದು, ಪರದೆಯ ಆಚೆ ಇರುವವರಿಗೆ ನೀವು ಎಲ್ಲಿದ್ದೀರಿ ಎಂಬುದೂ ತಿಳಿಯದಿರಬಹುದು.

ಚಾಟ್‌ಬಾಟ್, ಆ್ಯಪ್‌ಗಳನ್ನು ಆರನೇ ಬಾಗಿಲೆಂದು ನಾವು ಎಣಿಸಿಲ್ಲ. ನಿದ್ದೆಯ ಲೆಕ್ಕ ಇಡಲು, ಉಸಿರಾಟದ ಅಭ್ಯಾಸಕ್ಕೆ ಸರಿ. ಅಪಾಯದ ಹೊತ್ತಿನಲ್ಲಿ ಎದ್ದು ಬಂದು ಬಾಗಿಲು ತಟ್ಟುವವರು ಅಲ್ಲಿ ಯಾರೂ ಇಲ್ಲ.

ಒಳಗೆ ಹೋದ ಮೇಲೆ

ಯಾವ ಬಾಗಿಲಾದರೂ ಮೊದಲ ಐದು ನಿಮಿಷಕ್ಕೆ ನಾಲ್ಕು ವಾಕ್ಯ ಬರೆದುಕೊಂಡು ಹೋಗಿ: ಏನಾಗುತ್ತಿದೆ, ಎಷ್ಟು ದಿನದಿಂದ, ಅದರಿಂದ ಏನು ನಿಂತುಹೋಗಿದೆ, ಏನು ಬದಲಾಗಬೇಕು. "ಮೂರು ವಾರದಿಂದ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆಗುತ್ತೆ, ಮತ್ತೆ ನಿದ್ದೆ ಬರಲ್ಲ. ಕ್ಲಾಸಿಗೆ ಹೋಗ್ತಿಲ್ಲ. ಎರಡು ಸಲ ಸತ್ತರೆ ಸಾಕು ಅನ್ಸಿದೆ. ಪರೀಕ್ಷೆಗೆ ಕೂರೋ ಹಾಗಾದರೆ ಸಾಕು." ಇಷ್ಟು ಹೇಳಿದರೆ ಸಮಾಲೋಚಕರಿಗೆ ದಾರಿ ಕಾಣುತ್ತದೆ. "ಒಂಥರಾ ಬೇಜಾರು" ಎಂದಷ್ಟೇ ಹೇಳಿದರೆ ಮೊದಲ ಭೇಟಿ ಹುಡುಕಾಟದಲ್ಲೇ ಮುಗಿಯುತ್ತದೆ.

ನಾಲ್ಕನೇ ವಾರಕ್ಕೆ ಪಿಎಚ್‌ಕ್ಯೂ-9 ಮತ್ತೆ ತುಂಬಿ. ಐದು ಅಂಕ ಇಳಿದಿದ್ದರೆ ಅದು ನಿಜವಾದ ಸುಧಾರಣೆ, ಅದೇ ದಾರಿಯಲ್ಲಿ ಮುಂದುವರಿಯಿರಿ. ಅಲ್ಲಾಡದಿದ್ದರೆ ಆ ಹಾಳೆಯನ್ನೇ ಮುಂದಿಟ್ಟು "ಏನು ಬದಲಾಯಿಸೋಣ?" ಎಂದು ಕೇಳಿ. ಸಮಾಲೋಚಕರು ಹೊಂದಲಿಲ್ಲ ಎಂದು ಬಿಡುವುದಾದರೂ ಹೇಳಿ ಬಿಡಿ, ಅವರೇ ಸರಿಯಾದ ಇನ್ನೊಬ್ಬರ ಹೆಸರು ಕೊಟ್ಟಾರು.

ಸೆಮಿಸ್ಟರ್ ರಜೆ ಎಲ್ಲ ಬಾಗಿಲುಗಳಿಗೂ ಸಾಮಾನ್ಯವಾದ ಗಂಡಾಂತರ. ಕಾಲೇಜು ಕೊಠಡಿ ಮುಚ್ಚುತ್ತದೆ, ಹುಡುಗಿ ಊರಿಗೆ ಹೋಗುತ್ತಾಳೆ, ಮಾತ್ರೆ ಎರಡನೇ ವಾರಕ್ಕೆ ಮುಗಿಯುತ್ತದೆ. ಹೊರಡುವ ಮುನ್ನ ಒಂದು ಪುಟದ ಪತ್ರ ಬರೆಸಿಕೊಳ್ಳಿ: ತೊಂದರೆ ಏನು, ಇದುವರೆಗೆ ಏನೇನು ಮಾಡಿದೆ, ಮಾತ್ರೆಯ ಹೆಸರು ಮತ್ತು ಪ್ರಮಾಣ, ಮುಂದಿನ ತಾರೀಖು. ರಜೆಗಿಂತ ಹತ್ತು ದಿನದಷ್ಟು ಹೆಚ್ಚಿಗೆ ಮಾತ್ರೆ ಕೇಳಿ ಪಡೆಯಿರಿ. ಅಪಾಯದ ಯೋಚನೆ ಇದ್ದವರಿಗೆ ಮಾತ್ರ ಹೀಗೆ ಒಟ್ಟಿಗೆ ಕೊಡಬಾರದು, ಅಂಥವರ ಮಾತ್ರೆ ಮನೆಯ ಒಬ್ಬರ ಕೈಯಲ್ಲಿರಬೇಕು. ಊರಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ಬಸ್ಸು ಹತ್ತುವ ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಿ.